ಇಪ್ಪತ್ತೇ ಅಕ್ಷರದ ಹಿಮ

ನಿನ್ನೆಯಿಂದ ಒಂದು ಪುಟ್ಟ ಚೀನೀ ಪದ್ಯ ತಲೆಯಲ್ಲೇ ಕೂತಿದೆ. ಟ್ಯಾಂಗ್ ರಾಜವಂಶದ ಕಾಲದ ಲಿಯು ಝೋಂಗ್‌ಯುವಾನ್ ಬರೆದ ‘ನದಿಯ ಹಿಮ’. ನಾಲ್ಕು ಸಾಲು, ಒಟ್ಟು 20 ಅಕ್ಷರ. ಅಷ್ಟೇ!

ಸಾವಿರ ಬೆಟ್ಟ, ಒಂದು ಹಕ್ಕಿಯೂ ಹಾರುತ್ತಿಲ್ಲ. ಹತ್ತು ಸಾವಿರ ದಾರಿ, ಒಂದು ಹೆಜ್ಜೆ ಗುರುತೂ ಇಲ್ಲ. ಒಂಟಿ ದೋಣಿಯಲ್ಲಿ ಹುಲ್ಲಿನ ಹೊದಿಕೆ ಹೊದ್ದ ಮುದುಕ. ಕೊರೆಯುವ ಹಿಮದಲ್ಲಿ ಹೊಳೆಗೆ ಗಾಳ ಹಾಕಿ ಸುಮ್ನೆ ಕೂತಿದ್ದಾನೆ.

ಮೀನು ಸಿಕ್ಕಿತಾ? ಕವಿ ಹೇಳುವುದಿಲ್ಲ.

ಆಸ್ಥಾನದ ರಾಜಕೀಯದಲ್ಲಿ ಸೋತು, 805ರಲ್ಲಿ ದೂರದ ಯೋಂಗ್‌ಝೌಗೆ ಗಡಿಪಾರಾದವನು ಈತ. ಸುಮಾರು ಹತ್ತು ವರ್ಷ ಅಲ್ಲೇ ಕಳೆದ. ಆ ಮುದುಕ ಕವಿಯೇ ಅನ್ನುವವರು ಜಾಸ್ತಿ. ಇರಬಹುದು. ಆದರೆ ಗಡಿಪಾರಾದಾಗ ಕವಿಗಿನ್ನೂ ಮೂವತ್ತರ ಆಸುಪಾಸು, ಪಾಪ!

ನಾಲ್ಕೂ ಸಾಲಿನ ಮೊದಲ ಅಕ್ಷರಗಳನ್ನಷ್ಟೇ ಕೂಡಿಸಿ ಓದಿದೆ: ಸಾವಿರ, ಹತ್ತು ಸಾವಿರ, ಒಂಟಿ, ಒಬ್ಬನೇ.