ದರ್ವಾಜಾದ ಬೆಂಕಿ ಸಣ್ಣಗಾಗಿದೆ

ನೆಲದಡಿಯ ಗ್ಯಾಸ್ ದಶಕಗಳಿಂದ ಉರಿಯುತ್ತಿರುವ ದರ್ವಾಜಾದ ಕುಳಿ ತುರ್ಕ್‌ಮೆನಿಸ್ತಾನದ ರಾಜಧಾನಿ ಅಶ್ಗಾಬಾತ್‌ನಿಂದ ಉತ್ತರಕ್ಕೆ ಸುಮಾರು 260 ಕಿಲೋಮೀಟರ್. ನಾಲ್ಕು ತಾಸಿನ ದಾರಿ ಅಂದುಕೊಂಡಿದ್ದೆ, ಆರು ತಾಸು ಹಿಡಿಯಿತು. ಬಿಳಿ ಅಮೃತಶಿಲೆಯ ಊರು ದಾಟಿದ ಮೇಲೆ ಕಿತ್ತುಹೋದ ರಸ್ತೆ, ಎರಡೂ ಕಡೆ ಕಾರಾಕುಮ್ ಮರುಭೂಮಿಯ ಮರಳು, ಅಲ್ಲಲ್ಲಿ ಒಂಟೆಗಳು. ದಾರಿಯಲ್ಲಿ ನೀರು ತುಂಬಿದ ಒಂದು ದೊಡ್ಡ ಕುಳಿ ಸಿಕ್ಕಿತು. ತಳದಿಂದ ಗ್ಯಾಸ್ ಗುಳ್ಳೆ ಏಳುತ್ತಿತ್ತು. ಎರಡು ನಿಮಿಷ ನೋಡಿ ಹೊರಟೆವು. ನನ್ನ ಮನಸ್ಸೆಲ್ಲ ಮುಂದಿನ ಬೆಂಕಿಯ ಮೇಲಿತ್ತು.

ದರ್ವಾಜಾ ಅಂದರೆ ಬಾಗಿಲು. ಪಾರಸಿ ಪದ. ವಿಜಯಪುರದವಳಾದ ನನಗೆ ಹೊಸದಲ್ಲ, ನಮ್ಮ ಕೋಟೆಯ ಬಾಗಿಲುಗಳಿಗೂ ಹಾಗೇ ಅಂತೀವಿ. ಇಲ್ಲಿ ಅದು ಒಂದು ಹಳ್ಳಿಯ ಹೆಸರು. ಆ ಹಳ್ಳಿ ಈಗಿಲ್ಲ. ನೋಡಲು ಚೆನ್ನಾಗಿಲ್ಲ ಅಂತ ಆಗಿನ ಅಧ್ಯಕ್ಷರು 2004ರಲ್ಲಿ ಕೆಡವಿಸಿದರು. ಬೆಂಕಿ ನೋಡಲು ಪ್ರಪಂಚದ ಮೂಲೆಮೂಲೆಯಿಂದ ಜನ ಬರುತ್ತಾರೆ, ಅದರ ಪಕ್ಕದಲ್ಲಿ ಬಾಳಿದವರ ಮನೆಗಳ ಗುರುತೂ ಇಲ್ಲ. ಇದು ನನಗೆ ಬಹಳ ನೋವು ಕೊಟ್ಟಿತು.

ಕತ್ತಲಾದ ಮೇಲೆ ಕುಳಿಯ ಹತ್ತಿರ ಹೋದೆವು. ಅಗಲ ಸುಮಾರು 70 ಮೀಟರ್, ಆಳ 30 ಮೀಟರ್. ಸುತ್ತ ಬೇಲಿ ಇದೆ. ಗಾಳಿ ನಮ್ಮ ಕಡೆ ತಿರುಗಿದಾಗ ಮುಖಕ್ಕೆ ಝಳ ಹೊಡೆಯಿತು. ಆದರೆ ನಾನು ಫೋಟೋಗಳಲ್ಲಿ ನೋಡಿದ್ದ ಆ ಕೆಂಡದ ಬಾಣಲೆ ಅಲ್ಲಿರಲಿಲ್ಲ. ಒಂದು ಕಡೆ ಜಾಸ್ತಿ ಉರಿ, ಉಳಿದ ಕಡೆ ಕಲ್ಲಿನ ಸಂದಿಗಳಲ್ಲಿ ಚಿಕ್ಕ ಚಿಕ್ಕ ಜ್ವಾಲೆ. "ಮೊದಲು ಇದರ ಬೆಳಕು ಎಷ್ಟೋ ಕಿಲೋಮೀಟರ್ ದೂರಕ್ಕೆ ಕಾಣುತ್ತಿತ್ತು" ಅಂದರು ನಮ್ಮ ಗೈಡ್. ನಾನು ಹೋದದ್ದು 2025ರ ಅಕ್ಟೋಬರ್‌ನಲ್ಲಿ. ಬೆಂಕಿ ಮೂರು ಪಟ್ಟು ಇಳಿದಿದೆ ಎಂದು ಅಲ್ಲಿನ ಸರ್ಕಾರ ಅದೇ ವರ್ಷ ಜೂನ್‌ನಲ್ಲಿ ಹೇಳಿತ್ತು. ಸುತ್ತಮುತ್ತ ಬಾವಿ ಕೊರೆದು ಗ್ಯಾಸ್ ಎಳೆದುಕೊಳ್ಳುತ್ತಿದ್ದಾರೆ, ಹಾಗಾಗಿ ಕುಳಿಗೆ ಬರುವುದು ಕಡಿಮೆಯಾಗಿದೆ.

1971ರಲ್ಲಿ ಸೋವಿಯತ್ ತಂಡ ಗ್ಯಾಸ್ ಹುಡುಕುತ್ತಾ ಕೊರೆದಾಗ ನೆಲ ಕುಸಿಯಿತು, ವಿಷಗಾಳಿ ಹರಡದಿರಲಿ ಅಂತ ಬೆಂಕಿ ಹಚ್ಚಿದರು, ಕೆಲವೇ ದಿನಗಳಲ್ಲಿ ಆರುತ್ತದೆ ಅಂದುಕೊಂಡಿದ್ದರು ಎಂಬುದು ಎಲ್ಲರೂ ಹೇಳುವ ಕಥೆ. ಕುಸಿದದ್ದು 1960ರ ದಶಕದಲ್ಲಿ, ಹಚ್ಚಿದ್ದು 1980ರ ದಶಕದಲ್ಲಿ ಅನ್ನುವ ಅಲ್ಲಿನ ಭೂವಿಜ್ಞಾನಿಗಳೂ ಇದ್ದಾರೆ. 2013ರಲ್ಲಿ ಕೆನಡಾದ ಸಾಹಸಿ ಜಾರ್ಜ್ ಕುರೂನಿಸ್ ಶಾಖ ತಡೆಯುವ ಉಡುಪು ತೊಟ್ಟು ತಳಕ್ಕೇ ಇಳಿದು ಮಣ್ಣು ತಂದರು. ಆ ಬಿಸಿ ಮಣ್ಣಿನಲ್ಲೂ ಬ್ಯಾಕ್ಟೀರಿಯಾ ಬದುಕಿದ್ದವು!

ಆರಿಸಬೇಕು ಎಂಬ ಆದೇಶ 2010ರಲ್ಲೇ ಬಂದಿತ್ತು, 2022ರಲ್ಲಿ ಮತ್ತೆ ಬಂತು. ಅಷ್ಟು ವರ್ಷ ಗ್ಯಾಸ್ ಸುಮ್ನೆ ಸುಟ್ಟುಹೋಯಿತು, ಕಾರ್ಬನ್ ಡೈಆಕ್ಸೈಡ್ ಆಯಿತು. ಆದರೆ ಸುಮ್ನೆ ಆರಿಸಿಬಿಟ್ಟರೆ ಇನ್ನೂ ಕೆಟ್ಟದ್ದು. ಕುಳಿಯ ಗ್ಯಾಸ್ ಬಹುಪಾಲು ಮೀಥೇನ್, ನಮ್ಮ ಮನೆಯ ಗೋಬರ್ ಗ್ಯಾಸ್‌ನಲ್ಲಿ ಉರಿಯುವುದೂ ಅದೇ. ಒಲೆಯ ಗುಂಡಿ ತಿರುಗಿಸಿ ಕಡ್ಡಿ ಗೀರದೆ ಬಿಟ್ಟರೆ ಅದು ಹಾಗೇ ಗಾಳಿ ಸೇರುತ್ತದೆ. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ತುರ್ಕ್‌ಮೆನಿಸ್ತಾನದ ಗ್ಯಾಸ್ ಕ್ಷೇತ್ರಗಳಲ್ಲಿ, ಪೈಪುಗಳಲ್ಲಿ, ಹೆಚ್ಚಾದ ಗ್ಯಾಸ್ ಸುಡಲೆಂದು ಇಟ್ಟು ಬೆಂಕಿ ಹಚ್ಚದೆ ಬಿಟ್ಟ ಚಿಮಣಿಗಳಲ್ಲಿ ಇದು ಸೋರುವುದನ್ನು ಉಪಗ್ರಹಗಳು ಮತ್ತೆ ಮತ್ತೆ ಹಿಡಿದಿವೆ. ಮೀಥೇನ್ ಇಳಿಸುವ ಜಾಗತಿಕ ಒಪ್ಪಂದಕ್ಕೆ ಆ ದೇಶ 2023ರಲ್ಲಿ ಸೇರಿತು. ಒಳ್ಳೆಯದೇ. ಕಣ್ಣಿಗೆ ಕಾಣುವ ಈ ಬೆಂಕಿಗಿಂತ ಕಾಣದ ಆ ಸೋರಿಕೆಗೆ ಮೊದಲು ಕೈ ಹಾಕಬೇಕು ಅಂತ ನನಗೆ ಅನ್ನಿಸುತ್ತದೆ.

ಬೆಳಿಗ್ಗೆ ಡೇರೆಯ ಮುಂದೆ ಹಸಿರು ಚಹಾ ಕುಡಿದು ಹೊರಟೆವು. ನೀರಿನ ಕುಳಿಯ ಹತ್ತಿರ ಗಾಡಿ ನಿಲ್ಲಿಸಿ ಅಂತ ಈ ಸಲ ನಾನೇ ಕೇಳಿದೆ. ಅರ್ಧ ತಾಸು ಅಂಚಿನಲ್ಲಿ ನಿಂತೆ. ಬೇರೆ ಯಾರೂ ಇರಲಿಲ್ಲ. ಗುಳ್ಳೆಗಳು ಎದ್ದು ಒಡೆಯುತ್ತಲೇ ಇದ್ದವು.