ನಾಲ್ಕಕ್ಷರದ ಹೆಸರಿಗೆ ಬಂದ ಗಿರಾಕಿಗಳು

2023ರ ಮಳೆಗಾಲದ ಒಂದು ಸಂಜೆ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ಮೊಬೈಲ್ ಹಿಡಿದು ಅಡುಗೆಮನೆಗೇ ಓಡಿಬಂದ. "ಮಾಮಾ, ನನ್ನ ಪಾಳಿ ಬಂತ್ರಿ! ಲಗೂನ ಹೇಳ್ರಿ, ಯಾವ ಹೆಸರು ಹಾಕ್ಲಿ?"

ಅದುವರೆಗೆ, ಗೆಳೆಯರು ಗುಂಪು ಕಟ್ಟಿಕೊಂಡು ಹರಟುವ ಡಿಸ್ಕಾರ್ಡ್ ಎಂಬ ಆ್ಯಪ್‌ನಲ್ಲಿ ಒಂದೇ ಹೆಸರನ್ನು ಸಾವಿರಾರು ಮಂದಿ ಇಟ್ಟುಕೊಳ್ಳಬಹುದಿತ್ತು. ಹೆಸರಿನ ಕೊನೆಗೆ ಹ್ಯಾಶ್ ಗುರುತು, ನಾಲ್ಕು ಅಂಕಿ. ಅಂಕಿ ಬೇರೆಯಾದರೆ ಸಾಕು. ಶೇ. 40ಕ್ಕೂ ಹೆಚ್ಚು ಜನರಿಗೆ ತಮ್ಮ ಅಂಕಿಯೇ ನೆನಪಿರುವುದಿಲ್ಲ ಎಂದು ಹೇಳಿ ಕಂಪನಿ ಆ ಮೇ ತಿಂಗಳಲ್ಲಿ ಹೊಸ ಪದ್ಧತಿ ಸಾರಿತ್ತು. ಇನ್ನು ಒಂದು ಹೆಸರು ಒಬ್ಬರಿಗೇ. ಅದರಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಚುಕ್ಕಿ, ಅಡಿಗೆರೆ ಬಿಟ್ಟರೆ ಬೇರೇನೂ ಬರುವಂತಿಲ್ಲ. ಹಳೆಯ ಖಾತೆಗಳಿಗೆ ಮೊದಲ ಪಾಳಿ. ಇವನು ಹೈಸ್ಕೂಲಿನಲ್ಲಿದ್ದಾಗ, 2016ರಲ್ಲೇ ಖಾತೆ ತೆರೆದಿದ್ದ. ಮನೆಯಲ್ಲಿ ಕರೆಯುವ ಹೆಸರು, ಇಂಗ್ಲಿಷಿನಲ್ಲಿ ಬರೀ ನಾಲ್ಕಕ್ಷರ, ಸಿಕ್ಕೇಬಿಟ್ಟಿತು.

ಊಟಕ್ಕೆ ಕೂರುವಷ್ಟರಲ್ಲಿ ಗಿರಾಕಿಗಳು! ಗುರುತಿಲ್ಲದ ಒಬ್ಬ ಆ ಹೆಸರಿಗೆ ಡಾಲರ್‌ನಲ್ಲಿ ಬೆಲೆ ಹೇಳಿದ. ಇನ್ನೊಬ್ಬ ತಾನು ಕಂಪನಿಯವನೇ ಎಂದು ಹೇಳಿಕೊಂಡು, ಖಾತೆ ಖಾತ್ರಿಪಡಿಸಲು ಲಿಂಕ್ ಒತ್ತು ಎಂದ.

"ಒಂದು ಸೆಮಿಸ್ಟರ್ ಫೀ ಬರ್ತದ್ರಿ ಮಾಮಾ," ಎಂದ ಹುಡುಗ.

ನನಗೆ ಅನ್ನ ಇಳಿಯಲಿಲ್ಲ. ಹೆಸರು ಬಿಟ್ಟುಕೊಟ್ಟರೆ ನಡುವೆ ಬೇರೆ ಯಾರಾದರೂ ಹಾರಿಸಿಯಾರು ಎಂಬ ಭಯಕ್ಕೆ ಇಂಥವರು ಇಡೀ ಖಾತೆಯನ್ನೇ ಕೇಳುತ್ತಾರೆ. ಅಷ್ಟು ವರ್ಷದ ಮಾತು, ಫೋಟೊ, ಗೆಳೆಯರ ಗುಂಪು, ಎಲ್ಲ ಅದರ ಜೊತೆಗೇ ಹೋಗಬೇಕು. ಖಾತೆ ಮಾರುವುದನ್ನು ಡಿಸ್ಕಾರ್ಡ್ ನಿಯಮ ಒಪ್ಪುವುದೂ ಇಲ್ಲ; ಹಣ ಬರದಿದ್ದರೆ ಯಾರ ಮುಂದೆ ದೂರುವುದು? ಟೆಲಿಗ್ರಾಂನ ದಾರಿ ಬೇರೆ. ಅಲ್ಲಿ 2022ರಿಂದ ಫ್ರಾಗ್ಮೆಂಟ್ ಎಂಬ ತಾಣದಲ್ಲಿ ಹೆಸರುಗಳ ಹರಾಜು ಬಹಿರಂಗವಾಗಿಯೇ, ಕ್ರಿಪ್ಟೊ ನಾಣ್ಯದಲ್ಲಿ ನಡೆಯುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಬೆಲೆ ಕಟ್ಟಿದಂತೆ ಹೆಸರಿಗೂ ಕಟ್ಟುವುದು ನನಗಂತೂ ಒಗ್ಗುವುದಿಲ್ಲ.

"ಅದು ನಿಮ್ಮಜ್ಜಿ ಇಟ್ಟ ಹೆಸರು. ಮಾರೂದಲ್ಲಪಾ," ಅಂದೆ.

ತುಸು ಹೊತ್ತು ಸುಮ್ಮನಿದ್ದು ಆ ಸಂದೇಶ ಕಳಿಸಿದವರನ್ನು ಬ್ಲಾಕ್ ಮಾಡಿದ. ಎರಡು ಹಂತದ ಲಾಗಿನ್ ಅನ್ನು ಇಬ್ಬರೂ ಕೂತು ಹಾಕಿದೆವು.

ಗದಗಿನ ಅವನ ಗೆಳೆಯನಿಗೂ ಅದೇ ಕರೆಯುವ ಹೆಸರು; ಖಾತೆ ಮಾತ್ರ ಹೊಸದು. ಪಾಳಿ ಬಂದಾಗ ಅವನು ಹೆಸರಿಗೆ ಮನೆತನದ ಹೆಸರು ಜೋಡಿಸಿದ, ತಕ್ಷಣ ಸಿಕ್ಕಿತು. ಒಂದೇ ಓಣಿಯ ನಾಲ್ವರು ಬಸವರಾಜರನ್ನು ಉಳ್ಳಾಗಡ್ಡಿ, ಮೆಣಸಿನಕಾಯಿ, ಬ್ಯಾಳಿ, ಅಂಗಡಿ ಅಂತ ಗುರುತಿಸುತ್ತ ಬಂದ ಸೀಮೆ ನಮ್ಮದು. ಡಿಸ್ಕಾರ್ಡ್‌ನಲ್ಲಿ ಹೊರಗೆ ಕಾಣುವ ಹೆಸರು ಬೇರೆ; ಅದಕ್ಕೆ ಈ ಕಟ್ಟುಪಾಡು ಇಲ್ಲವಾದ್ದರಿಂದ, ಅದನ್ನು ಇಬ್ಬರೂ ಕನ್ನಡದಲ್ಲಿ ಒಂದೇ ಇಟ್ಟುಕೊಂಡಿದ್ದಾರೆ.