ಮಳೆ ಬೇಜಾರಾಗಲ್ವಾ ಅಂತ ಕೇಳುವವರಿಗೆ

ನಾನು ಕಾಸರಗೋಡಿನವಳು ಅಂತ ಗೊತ್ತಾದ ಕೂಡಲೇ ಬೆಂಗಳೂರು, ಮೈಸೂರು ಕಡೆಯವರು ಕೇಳುವುದು ಇದನ್ನೇ: "ನಿಮ್ಮಲ್ಲಿ ಅಷ್ಟೊಂದು ಮಳೆ ಅಲ್ವಾ? ಬೇಜಾರಾಗಲ್ವಾ?"

ಇಲ್ಲ. ಮಳೆ ಹೊತ್ತಲ್ಲದ ಹೊತ್ತಿಗೆ ಬಂದರೆ ಹೆದರಿಕೆ ಆಗುತ್ತದೆ. ಬೇಜಾರು ಬರುವುದು ಎಪ್ರಿಲ್‌ನಲ್ಲಿ.

ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಿನ ಸುಮಾರು ಮೂರು ಪಟ್ಟು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬಟ್ಟೆ ಒಣಗುವುದಿಲ್ಲ, ಕರೆಂಟು ಹೋಗುತ್ತದೆ, ಅಂಗಳ ಪಾಚಿ ಹಿಡಿದು ಜಾರುತ್ತದೆ. ಇದೆಲ್ಲ ಗೊತ್ತಿದ್ದದ್ದೇ. ಮೇ ತಿಂಗಳಲ್ಲೇ ಹಲಸಿನ ಹಪ್ಪಳ ಒಣಗಿಸಿ ಡಬ್ಬಿ ತುಂಬಿಸಿರುತ್ತೇವೆ, ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಿಟ್ಟಿರುತ್ತೇವೆ, ಸೌದೆ ಒಳಗೆ ಸೇರಿರುತ್ತದೆ.

ಹೆದರಿಕೆ ಅಂದೆನಲ್ಲ, ಅದು ಅಡಿಕೆಯದ್ದು. ಮಳೆಗಾಲ ಹಿಡಿಯುವ ಮೊದಲು ಗೊನೆಗಳಿಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಮದ್ದು ಬಿಡಬೇಕು, ಅಂದರೆ ಸಿಂಪಡಿಸಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. 40-45 ದಿನ ಕಳೆದ ಮೇಲೆ ಇನ್ನೊಂದು ಸಲ. ಆ ಎರಡನೇ ಸಲ ಬಂದು ಬೀಳುವುದು ಜುಲೈಯಲ್ಲಿ, ಮಳೆ ಜೋರಾಗಿರುವ ತಿಂಗಳಲ್ಲಿ. ಮದ್ದು ಗೊನೆಗೆ ಹಿಡಿಯಬೇಕಾದರೆ ಸ್ವಲ್ಪ ಹೊತ್ತಾದರೂ ಮಳೆ ಬಿಡಬೇಕು. ಮಳೆ ಬಿಟ್ಟ ದಿನ ಮದ್ದು ಬಿಡುವವರು ಸಿಗಬೇಕು. ಆ ದಿನ ಊರಿನವರೆಲ್ಲ ಅವರಿಗೇ ಫೋನ್ ಮಾಡುತ್ತಿರುತ್ತಾರೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನೆಂಟರು ಫೋನ್ ಮಾಡಿದರೂ ಮೊದಲ ಮಾತು "ನಿಮ್ಮಲ್ಲಿ ಬಿಸಿಲು ಉಂಟಾ ಅಣ್ಣ?" ತಡವಾದರೆ ಕೊಳೆರೋಗ. ಎಳೆ ಅಡಿಕೆ ಕೊಳೆತು ಬುಡಕ್ಕೆ ಉದುರುತ್ತದೆ. ವರ್ಷದ ಸಂಪಾದನೆ ಹಾಗೆ ನೆಲಕ್ಕೆ ಬೀಳುವುದನ್ನು ನೋಡಿದವರಿಗೆ ಮಾತ್ರ ಆ ಸಂಕಟ ಗೊತ್ತು. ನವೆಂಬರಿನ ಮಳೆಯೂ ಹಾಗೆಯೇ. ಅಂಗಳದಲ್ಲಿ ಹರಡಿದ ಅಡಿಕೆ ಒಣಗಲು ಸುಮಾರು 40 ದಿನದ ಬಿಸಿಲು ಬೇಕು. ನಡುವೆ ಒಂದು ಮಳೆ ಬಂದರೆ ಮನೆಮಂದಿಯೆಲ್ಲ ಊಟ ಬಿಟ್ಟು ಓಡಬೇಕು.

ಕೇರಳದ ರೆಡ್ ಅಲರ್ಟು ನಮಗೆ ಮಲಯಾಳದಲ್ಲಿ ಬರುತ್ತದೆ, ದಕ್ಷಿಣ ಕನ್ನಡದ ಸುದ್ದಿ ಕನ್ನಡದಲ್ಲಿ. ಗಡಿಯವರು ಎರಡನ್ನೂ ನೋಡಿಯೇ ಮಲಗುವುದು.

ಇನ್ನು ಎಪ್ರಿಲ್. ಜಿಲ್ಲೆಯಲ್ಲಿ 12 ನದಿಗಳಿವೆ. ಆದರೂ ಆಗ ಎಷ್ಟೋ ಮನೆಗಳ ಬಾವಿಯ ತಳ ಕಾಣುತ್ತದೆ. ನಮ್ಮ ಗುಡ್ಡೆಗಳೆಲ್ಲ ಮುರಕಲ್ಲು, ಅಂದರೆ ತೂತು ತೂತಾದ ಕೆಂಪು ಜಂಬಿಟ್ಟಿಗೆ. ಘಟ್ಟಕ್ಕೂ ಸಮುದ್ರಕ್ಕೂ ನಡುವೆ ಜಾಗ ಕಡಿಮೆ, ನೆಲವೆಲ್ಲ ಇಳಿಜಾರು. ಬಿದ್ದ ನೀರು ತೋಡಿಗೆ (ಸಣ್ಣ ಹಳ್ಳಕ್ಕೆ), ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಓಡುತ್ತದೆ. ಒಳಗೆ ಇಂಗಿದ್ದೂ ಬೇಗ ಬಸಿದು ಹೋಗುತ್ತದೆ. ಸುಮ್ನೆ ಅಲ್ಲ ಬಾಯಾರು, ಪಡ್ರೆ ಕಡೆಯ ಹಿರಿಯರು ನೀರಿಗಾಗಿ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ಸುರಂಗ ಮಾಡಿದ್ದು. ಬಗ್ಗಿಕೊಂಡು ಹೋಗುವಷ್ಟೇ ಜಾಗ, ಒಳಗೆ ಕತ್ತಲು, ಕೈಯಲ್ಲಿ ಪಿಕ್ಕಾಸು. ನೀರು ಸಿಗುತ್ತದೆಂಬ ಖಾತ್ರಿಯೂ ಇರಲಿಲ್ಲ. ಆ ನೀರನ್ನು ಇವತ್ತಿಗೂ ಕುಡಿಯುವ ಮನೆಗಳಿವೆ.

ನಮ್ಮ ಜಿಲ್ಲೆಯದೇ ಏತಡ್ಕ ಊರಿನವರು ಇನ್ನೊಂದು ಕೆಲಸವನ್ನು ಬಿಡದೆ ಮಾಡಿಕೊಂಡು ಬಂದಿದ್ದಾರೆ. ಮಳೆ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತಾರೆ. ನಿಂತ ನೀರು ಅಕ್ಕಪಕ್ಕದ ಬಾವಿಗಳಿಗೆ ಇಳಿಯುತ್ತದೆ. ಮಳೆಗಾಲ ಬಂದಾಗ ಕಟ್ಟ ಹೋಗುತ್ತದೆ, ಮರುವರ್ಷ ಮತ್ತೆ ಕಟ್ಟಬೇಕು. ಹೆಚ್ಚಿನ ಕಡೆ ಈ ಕೆಲಸ ನಿಂತು ಕೊಳವೆಬಾವಿ ಬಂತು. ನನಗೆ ತುಂಬಾ ನೋವು ಕೊಡುವ ವಿಷಯ ಇದು. ಜುಲೈಯಲ್ಲಿ ಮನೆ ಮುಂದೆಯೇ ಹರಿದುಹೋದ ನೀರಿಗೆ ಎಪ್ರಿಲ್‌ನಲ್ಲಿ ಟ್ಯಾಂಕರ್ ಕಾಯುವುದೆಂದರೆ ಹೇಗೆ?

ಒಬ್ಬರೇ ಕಟ್ಟಿದರೆ ಸಾಲದು, ಒಂದೇ ತೋಡಿಗೆ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಬೇಕು. ಈ ಡಿಸೆಂಬರಿಗೆ ನಮ್ಮ ತೋಡಿನಲ್ಲೂ ಶುರು ಮಾಡೋಣ ಅಂತ ಮೇಲಿನ ಮನೆಯವರ ಹತ್ತಿರ ಮಾತಾಡಿದ್ದೇವೆ. ಅವರು ಒಪ್ಪಿದ್ದಾರೆ. ಕೆಳಗಿನ ತೋಟದವರನ್ನು ಇನ್ನು ಕೇಳಬೇಕು.